ಪರ್ವತಸೀಮೆಗಳ ಹಿಮ ಮತ್ತು ಸ್ಕೀಯಿಂಗ್

ಸ್ಕೀಯಿಂಗ್ ಎಂದರೆ ಉದ್ದನೆಯ, ಕಿರಿದಾದ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುತ್ತ ಸಾಗುವುದು. ಚಳಿಗಾಲ ಬಂತೆಂದರೆ ದಾರಿಗಳೆಲ್ಲ ಹೂತುಹೋಗುವ ನಾಡುಗಳಲ್ಲಿ ಬೇಟೆಗೂ ಓಡಾಟಕ್ಕೂ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದ್ದ ಈ ಉಪಾಯ 19ನೆಯ ಶತಮಾನದಲ್ಲಿ ನಾರ್ವೆಯಲ್ಲಿ ಆಟವಾಯಿತು, 20ನೆಯ ಶತಮಾನದಲ್ಲಿ ಆಲ್ಪ್ಸ್‌ನಲ್ಲಿ ಉದ್ಯಮವಾಯಿತು. ಇಂದು ಜಪಾನಿನಿಂದ ಚಿಲಿಯವರೆಗೆ, ಕಾಶ್ಮೀರದಿಂದ ಕೆನಡಾದವರೆಗೆ ಸ್ಕೀ ತಾಣಗಳಿವೆ. ಆದರೆ ಎಲ್ಲ ಕಡೆ ಬೀಳುವ ಹಿಮ ಒಂದೇ ಬಗೆಯದಲ್ಲ. ಒಂದೆಡೆ ಸೊಂಟದವರೆಗೆ ಬಿದ್ದ ಹಿಮವೂ ಊದಿದರೆ ಹಾರುವಷ್ಟು ಹಗುರ. ಇನ್ನೊಂದೆಡೆ ಮೊಣಕಾಲುದ್ದದ ಹಿಮವೇ ಹಲಗೆಯನ್ನು ಹಿಡಿದು ನಿಲ್ಲಿಸುತ್ತದೆ. ಮತ್ತೊಂದೆಡೆ ಮೇಲೆ ನೋಡಲು ಚೆಂದ, ಒಳಗೆ ಪೊಳ್ಳು; ಕಾಲಿಟ್ಟರೆ ಇಳಿಜಾರಿನ ಹಿಮವೆಲ್ಲ ಕಳಚಿ ಹರಿದುಬರುತ್ತದೆ.

ಬೆಟ್ಟದ ಎತ್ತರ ಮತ್ತು ವರ್ಷಕ್ಕೆ ಬೀಳುವ ಹಿಮದ ಆಳ, ಈ ಎರಡು ಅಂಕಿಗಳನ್ನಿಟ್ಟುಕೊಂಡು ತಾಣಗಳನ್ನು ಹೋಲಿಸುವುದು ವಾಡಿಕೆ. ಅವುಗಳಿಂದ ತಿಳಿಯುವುದು ಕಡಿಮೆ. ಮೋಡಕ್ಕೆ ನೀರು ಕೊಟ್ಟ ಸಮುದ್ರ ಎಷ್ಟು ದೂರದಲ್ಲಿದೆ, ಬೀಳುವ ಹೊತ್ತಿಗೆ ಚಳಿ ಎಷ್ಟಿತ್ತು, ನೆಲಕ್ಕೆ ಬಿದ್ದ ಮೇಲೆ ಬಿಸಿಲೂ ಗಾಳಿಯೂ ಅದನ್ನು ಏನು ಮಾಡಿದವು ಎಂಬುದನ್ನು ಕೇಳದೆ ಹಿಮದ ಗುಣವನ್ನು ಹೇಳಲಾಗದು. ಕೇವಲ 1,308 ಮೀಟರ್ ಎತ್ತರದ ಜಪಾನಿನ ಒಂದು ಬೆಟ್ಟ ಜಗತ್ತಿನ ಸ್ಕೀ ಪ್ರಿಯರ ಕನಸಿನ ತಾಣವಾಗಿರುವುದಕ್ಕೂ, ಎಂಟು ಸಾವಿರ ಮೀಟರ್ ದಾಟುವ ಹಿಮಾಲಯದಲ್ಲಿ ಸ್ಕೀ ತಾಣಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿರುವುದಕ್ಕೂ ಕಾರಣ ಇಲ್ಲೇ ಇದೆ.

ಹಿಮದ ಗುಣ

ಹಿಮದ ಹರಳಿನ ಆಕಾರವನ್ನು ಮೋಡದೊಳಗಿನ ಉಷ್ಣತೆ ಮತ್ತು ತೇವಾಂಶ ನಿರ್ಧರಿಸುತ್ತವೆ. ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯಾ. ಹೊಕ್ಕೈಡೊ ವಿಶ್ವವಿದ್ಯಾಲಯದ ಶೀತಲ ಕೋಣೆಯಲ್ಲಿ 1936ರಲ್ಲಿ ಅವರು ಮೊಲದ ಕೂದಲೊಂದರ ಮೇಲೆ ಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದರು. ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ತೇವಾಂಶ ಸಾಕಷ್ಟಿದ್ದರೆ, ಆರು ಕವಲಿನ ನಕ್ಷತ್ರಾಕಾರದ ಹರಳುಗಳು ಬೆಳೆಯುತ್ತವೆ. ಇವು ಒಂದರ ಮೇಲೊಂದು ಬಿದ್ದಾಗ ಕವಲುಗಳ ನಡುವೆ ಗಾಳಿ ತುಂಬಿಕೊಂಡು ಹಿಮ ಹಗುರವಾಗುತ್ತದೆ. ಸ್ಕೀ ಪ್ರಿಯರು ಪೌಡರ್ ಎಂದು ಹಂಬಲಿಸುವ ಪುಡಿಹಿಮ ಇದೇ. ಉಷ್ಣತೆ ಸೊನ್ನೆಗೆ ಹತ್ತಿರವಿದ್ದಾಗ ಬಿದ್ದರೆ ಹರಳುಗಳು ಒಂದಕ್ಕೊಂದು ಅಂಟಿಕೊಂಡು ತೂಕ ಹೆಚ್ಚುತ್ತದೆ.

ಹತ್ತು ಸೆಂಟಿಮೀಟರ್ ಹೊಸ ಹಿಮ ಕರಗಿದರೆ ಒಂದು ಸೆಂಟಿಮೀಟರ್ ನೀರು ಎಂಬುದು ಹಳೆಯ ಸ್ಥೂಲ ಲೆಕ್ಕ. ಅಂದರೆ ನೀರಿನ ಪಾಲು ಶೇ. 10. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಇದು ಸರಾಸರಿ ಶೇ. 12ರ ಆಸುಪಾಸಿನಲ್ಲಿದ್ದರೆ, ಯೂಟಾದ ಆಲ್ಟಾದಲ್ಲಿ ಶೇ. 8ನ್ನು ತುಸು ಮೀರುತ್ತದೆ. ಕಾಗದದ ಮೇಲೆ ಈ ಅಂತರ ಸಣ್ಣದು. ಇಳಿಜಾರಿನಲ್ಲಿ ಮಾತ್ರ, ಹಲಗೆ ತೇಲುವುದಕ್ಕೂ ಮುಳುಗುವುದಕ್ಕೂ ಇರುವ ವ್ಯತ್ಯಾಸವೇ ಇದು. ಹಾಗೆಂದು ಹಗುರವಾದದ್ದೆಲ್ಲ ಒಳ್ಳೆಯದೂ ಅಲ್ಲ. ತೀರ ಹಗುರ ಹಿಮ ಹಲಗೆಯನ್ನು ಹೊರಲಾರದು, ಅಡಿಯ ಗಟ್ಟಿ ನೆಲಕ್ಕೆ ಹಲಗೆ ತಗಲುತ್ತದೆ. ಬಿರುಗಾಳಿಯ ಆರಂಭದಲ್ಲಿ ತುಸು ಭಾರದ ಹಿಮ ಬಿದ್ದು, ಚಳಿ ಹೆಚ್ಚಿದಂತೆ ಅದರ ಮೇಲೆ ಹಗುರ ಹಿಮ ಕೂತಾಗ ಸ್ಕೀಯಿಂಗ್ ಅತ್ಯುತ್ತಮ. ಈ ಕ್ರಮ ತಲೆಕೆಳಗಾದರೆ ಹಲಗೆಯ ತುದಿ ಒಳಗೆ ಸಿಕ್ಕಿಕೊಳ್ಳುವುದಲ್ಲದೆ ಹಿಮಕುಸಿತದ ಭಯವೂ ಹೆಚ್ಚುತ್ತದೆ.

ವಾರ್ಷಿಕ ಹಿಮಪಾತದ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹೊಸ ಹಿಮವನ್ನು ಅಳೆಯುವುದು ಬಿಳಿ ಬಣ್ಣ ಬಳಿದ ಹಲಗೆಯೊಂದರ ಮೇಲೆ. ಅಳೆದ ಮೇಲೆ ಅದನ್ನು ಗುಡಿಸಿ ಮತ್ತೆ ಇಡುತ್ತಾರೆ. ಹಿಮ ತನ್ನ ಭಾರಕ್ಕೆ ತಾನೇ ಕುಸಿಯುತ್ತ ಹೋಗುವುದರಿಂದ, ದಿನಕ್ಕೆ ನಾಲ್ಕು ಸಲ ಗುಡಿಸಿದರೆ ಬರುವ ಒಟ್ಟು ಮೊತ್ತ ಒಂದೇ ಸಲ ಗುಡಿಸಿದಾಗಿನದಕ್ಕಿಂತ ಹೆಚ್ಚು. ಹಲಗೆಯನ್ನು ಬುಡದಲ್ಲಿಟ್ಟರೋ ಶಿಖರದಲ್ಲೋ ಎಂಬುದರಿಂದಲೂ ಲೆಕ್ಕ ಬದಲಾಗುತ್ತದೆ. ತಾಣಗಳ ಜಾಹೀರಾತಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಈ ಕಾರಣಕ್ಕೇ ತಪ್ಪು.

ಬಿದ್ದ ಹಿಮ ಸುಮ್ಮನೆ ಬಿದ್ದಿರುವುದಿಲ್ಲ. ಹಿಮದಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಮೇಲ್ಮೈ ಮಾತ್ರ ರಾತ್ರಿಯಲ್ಲಿ ಮೈನಸ್ 20ಕ್ಕೂ ಇಳಿಯಬಹುದು. ಹಿಮದ ಹೊದಿಕೆ ತೆಳುವಾಗಿದ್ದು ಚಳಿ ತೀವ್ರವಾಗಿದ್ದರೆ, ಕೆಳಗಿನ ಹರಳುಗಳಿಂದ ಆವಿ ಮೇಲಕ್ಕೇರುತ್ತ ದೊಡ್ಡ, ಬಟ್ಟಲಿನಂಥ, ಒಂದಕ್ಕೊಂದು ಅಂಟದ ಹರಳುಗಳಾಗಿ ಮಾರ್ಪಡುತ್ತದೆ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿದುಹೋಗುವ ಇದಕ್ಕೆ ಸ್ಕೀ ವಲಯದಲ್ಲಿ ಸಕ್ಕರೆ ಹಿಮ ಎಂದೇ ಹೆಸರು. ಹೊದಿಕೆ ದಪ್ಪವಿದ್ದು ಚಳಿ ಹದವಾಗಿದ್ದರೆ ಹರಳುಗಳು ದುಂಡಗಾಗಿ ಬೆಸೆದುಕೊಂಡು ಗಟ್ಟಿಯಾಗುತ್ತವೆ. ವಸಂತದಲ್ಲಿ ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಹಿಮ ಜೋಳದ ಕಾಳಿನ ಗಾತ್ರದ ಉಂಡೆಗಳಾಗುತ್ತದೆ; ಬೆಳಿಗ್ಗೆ ಒಂದೆರಡು ಗಂಟೆ ಅದರ ಮೇಲೆ ಜಾರುವುದು ಬಲು ಸುಖ, ಮಧ್ಯಾಹ್ನಕ್ಕೆ ಎಲ್ಲ ಕೆಸರು.

ಇವನ್ನೆಲ್ಲ ಗಮನಿಸಿ ಹಿಮವಿಜ್ಞಾನಿಗಳು ಪರ್ವತಸೀಮೆಗಳನ್ನು ಕರಾವಳಿ, ಒಳನಾಡು ಮತ್ತು ಇವೆರಡರ ನಡುವಿನದು ಎಂದು ಮೂರು ಹಿಮ ಹವಾಗುಣಗಳಾಗಿ ವಿಂಗಡಿಸುತ್ತಾರೆ. ಸ್ವಿಟ್ಜರ್ಲೆಂಡಿನ ಆಂಡ್ರೆ ರೋಶ್ 1949ರಲ್ಲಿ ಅಮೆರಿಕದ ಪರ್ವತಗಳನ್ನು ನೋಡಿ ಹಾಕಿಕೊಟ್ಟ ಈ ಚೌಕಟ್ಟನ್ನು ಆಲ್ಟಾದಲ್ಲಿ ಕೆಲಸ ಮಾಡಿದ ಎಡ್ವರ್ಡ್ ಲಾಶಪೆಲ್ ಬೆಳೆಸಿದರು.

ಉತ್ತರ ಅಮೆರಿಕ

ಈ ಮೂರೂ ಬಗೆಗಳನ್ನು ಒಂದೇ ಬಿರುಗಾಳಿಯ ಹಾದಿಯಲ್ಲಿ ನೋಡಬಹುದಾದ ಜಾಗ ಉತ್ತರ ಅಮೆರಿಕದ ಪಶ್ಚಿಮ ಭಾಗ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಮೊದಲು ಕರಾವಳಿಯ ಶ್ರೇಣಿಗಳಿಗೆ ಅಪ್ಪಳಿಸಿ ಅಲ್ಲೇ ಹೆಚ್ಚಿನ ನೀರನ್ನು ಇಳಿಸುತ್ತದೆ. ವಾಷಿಂಗ್ಟನ್ ರಾಜ್ಯದ ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998–99ರ ಋತುವಿನಲ್ಲಿ ಸುಮಾರು 29 ಮೀಟರ್ ಹಿಮ ಬಿತ್ತು. ಒಂದೇ ಋತುವಿನಲ್ಲಿ ಅಳೆದ ಹಿಮಪಾತದ ವಿಶ್ವದಾಖಲೆ ಇದು. ಇನ್ನೂ ಉತ್ತರಕ್ಕೆ, ಕೆನಡಾದ ವಿಸ್ಲರ್‌ನಲ್ಲಿ ಬುಡ 675 ಮೀಟರ್, ಸ್ಕೀಗಾರರನ್ನು ಮೇಲೇರಿಸುವ ಲಿಫ್ಟ್ ತಲುಪುವ ತುದಿ 2,284 ಮೀಟರ್. ತುದಿಯಲ್ಲಿ ಹಿಮ ಬೀಳುತ್ತಿರುವಾಗ ಬುಡದ ಪೇಟೆಯಲ್ಲಿ ಮಳೆ ಸುರಿಯುವುದು ಅಲ್ಲಿ ಮಾಮೂಲು.

ಸಿಯೆರಾ ನೆವಾಡಾದ ಹಿಮಕ್ಕೆ ಸ್ಕೀ ಮಾಡುವವರು ಇಟ್ಟ ಅಡ್ಡಹೆಸರು ಸಿಯೆರಾ ಸಿಮೆಂಟ್. ಒಂದೊಂದು ಬಿರುಗಾಳಿಗೂ ಮೀಟರುಗಟ್ಟಲೆ ಬೀಳುವ ಈ ಭಾರದ ಹಿಮವನ್ನು ಹೀಗಳೆಯುವುದು ಸರಿಯಲ್ಲ. ಕಡಿದಾದ ಬಂಡೆಗಳಿಗೂ ಅದು ಅಂಟಿಕೊಳ್ಳುತ್ತದೆ, ತಳಪಾಯ ಬೇಗ ಕಟ್ಟುತ್ತದೆ, ಬಿರುಗಾಳಿ ಕಳೆದ ಕೆಲವೇ ದಿನಗಳಲ್ಲಿ ನೆಲೆನಿಲ್ಲುತ್ತದೆ, ಬೇಸಿಗೆಯ ಬಾಗಿಲವರೆಗೂ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ನದಿಗಳಿಗೂ ಹೊಲಗಳಿಗೂ ಬೇಸಿಗೆಯಲ್ಲಿ ನೀರು ಕೊಡುವುದು ಇದೇ ಹಿಮ.

ಸಿಯೆರಾ ದಾಟಿದ ಗಾಳಿ ನೆವಾಡಾದ ಮರುಭೂಮಿಯ ಮೇಲೆ ಹಾದು ಯೂಟಾದ ವಾಸಾಚ್ ಶ್ರೇಣಿಗೆ ಬರುವಷ್ಟರಲ್ಲಿ ಒಣಗಿ ತಣ್ಣಗಾಗಿರುತ್ತದೆ, ಆದರೂ ನೀರು ಪೂರ್ತಿ ಬರಿದಾಗಿರುವುದಿಲ್ಲ. ಲಿಟಲ್ ಕಾಟನ್‌ವುಡ್ ಕಣಿವೆಯ ತಲೆಯಲ್ಲಿರುವ ಆಲ್ಟಾದಲ್ಲಿ ವರ್ಷಕ್ಕೆ ಸರಾಸರಿ 13 ಮೀಟರಿನಷ್ಟು ಹಿಮ ಬೀಳುತ್ತದೆ. ಭೂಮಿಯ ಮೇಲಿನ ಅತಿ ಶ್ರೇಷ್ಠ ಹಿಮ ತನ್ನದೆಂದು ಯೂಟಾ ತನ್ನ ವಾಹನಗಳ ನಂಬರ್ ಪ್ಲೇಟಿನ ಮೇಲೆಯೇ ಬರೆದುಕೊಂಡಿದೆ. ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರವೇ ಇದಕ್ಕೆ ಕಾರಣ ಎಂಬ ನಂಬಿಕೆ ಜನಜನಿತ. ಯೂಟಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಜಿಮ್ ಸ್ಟೀನ್‌ಬರ್ಗ್ 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಪರಿಶೀಲಿಸಿ, ಸರೋವರದ ಪಾಲು ಸಣ್ಣದು ಎಂದು ತೋರಿಸಿದ್ದಾರೆ. ಒಳನಾಡಿನ ಇತರ ಕೆಲವು ಕಡೆ ಬೀಳುವ ಹಿಮ ಇದಕ್ಕಿಂತಲೂ ಹಗುರ. ಆಲ್ಟಾದ ಭಾಗ್ಯವೆಂದರೆ ಸಾಕಷ್ಟು ಆಳ, ಸಾಕಷ್ಟು ಹಗುರತನ, ಮೇಲೆ ಹಗುರ ಕೆಳಗೆ ಭಾರ ಎಂಬ ಸರಿಯಾದ ಕ್ರಮ ಮೂರೂ ಮೇಲಿಂದ ಮೇಲೆ ಕೂಡಿಬರುವುದು.

ಇನ್ನೂ ಒಳಕ್ಕೆ ಹೋದರೆ ಕೊಲೊರಾಡೊದ ರಾಕಿ ಪರ್ವತಗಳು. ಬ್ರೆಕೆನ್‌ರಿಜ್‌ನಲ್ಲಿ ಲಿಫ್ಟ್ ಏರುವುದು 3,914 ಮೀಟರಿಗೆ; ಮೊದಲ ದಿನ ತಲೆನೋವು, ಏದುಸಿರು ಸಹಜ. ಹಿಮ ಹಗುರ, ಒಣ, ಬಿಸಿಲಿನ ದಿನಗಳೂ ಧಾರಾಳ. ಆದರೆ ನವೆಂಬರಿನಲ್ಲಿ ಬಿದ್ದ ತೆಳುವಾದ ಮೊದಲ ಹಿಮ ಚಳಿಗೆ ಸಿಕ್ಕಿ ಸಕ್ಕರೆ ಹಿಮವಾಗಿ, ಇಡೀ ಋತು ಅಡಿಯಲ್ಲೇ ಕೂತಿರುತ್ತದೆ. ಲಿಫ್ಟ್ ಇರುವ ಇಳಿಜಾರುಗಳಲ್ಲಿ ಗಸ್ತಿನವರು ಸ್ಫೋಟಕ ಹಾಕಿ ಇದನ್ನು ಮೊದಲೇ ಕೆಡವುತ್ತಾರೆ. ತಾಣದ ಗಡಿಯಾಚೆಯ ಕಾಡು ಇಳಿಜಾರುಗಳಲ್ಲಿ ಕೊಲೊರಾಡೊ ಅಮೆರಿಕದ ಅತಿ ಅಪಾಯದ ರಾಜ್ಯಗಳಲ್ಲೊಂದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಳಶ್ರೇಣಿಗಳು ಕರಾವಳಿ, ಒಳನಾಡು ಎಂಬ ಎರಡು ತುದಿಗಳ ನಡುವಿನವು. ಹೆಲಿಕಾಪ್ಟರಿನಲ್ಲಿ ಶಿಖರಕ್ಕೇರಿ ಇಳಿಯುವ ಹೆಲಿಸ್ಕೀಯಿಂಗ್ ಉದ್ಯಮವನ್ನು ಹಾನ್ಸ್ ಗ್ಮೋಸರ್ 1965ರಲ್ಲಿ ಆರಂಭಿಸಿದ್ದು ಇಲ್ಲಿನ ಬುಗಾಬೂ ಬೆಟ್ಟಗಳಲ್ಲಿ. ಇಲ್ಲಿಯ ರೋಜರ್ಸ್ ಕಣಿವೆದಾರಿಯಲ್ಲಿ 1910ರ ಮಾರ್ಚ್ 4ರಂದು ಹಿಮಕುಸಿತದಿಂದ ರೈಲುಹಳಿಯ ಮೇಲೆ ಬಿದ್ದ ಹಿಮ ತೆಗೆಯುತ್ತಿದ್ದ 58 ಕಾರ್ಮಿಕರು ಇನ್ನೊಂದು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಬಹಳ ಮಂದಿ ದುಡಿಯಲು ಬಂದ ಜಪಾನೀಯರು.

ಜಪಾನ್

ಹಿಮಪಾತದ ವಿಷಯದಲ್ಲಿ ಜಪಾನಿನ ಪಶ್ಚಿಮ ಕರಾವಳಿಗೆ ಸಾಟಿಯಾದ ಜನವಸತಿ ಪ್ರದೇಶ ಭೂಮಿಯ ಮೇಲೆ ಇಲ್ಲವೆನ್ನಬಹುದು. ಸುಮಾರು 20 ಲಕ್ಷ ಜನರ ಸಪ್ಪೊರೊ ನಗರದಲ್ಲಿಯೇ ವರ್ಷಕ್ಕೆ 5 ಮೀಟರಿನಷ್ಟು ಹಿಮ ಬೀಳುತ್ತದೆ. ಕಾರಣ ಒಂದು ಮಾನ್ಸೂನ್. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಡುವ ಕೊರೆಯುವ ಒಣಗಾಳಿ ಜಪಾನ್ ಸಮುದ್ರವನ್ನು ದಾಟುತ್ತದೆ. ಸುಷಿಮಾ ಪ್ರವಾಹದಿಂದ ಬೆಚ್ಚಗಿರುವ ಆ ಸಮುದ್ರ ಗಾಳಿಗೆ ಆವಿ ತುಂಬಿಕೊಡುತ್ತದೆ. ದಡ ಮುಟ್ಟಿ ಬೆಟ್ಟ ಏರಿದ ಗಾಳಿ ತನ್ನಲ್ಲಿದ್ದುದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಅರಬ್ಬಿ ಸಮುದ್ರದ ಗಾಳಿ ಆಗುಂಬೆಯಲ್ಲಿ ಮಳೆ ಸುರಿಸಿ, ಘಟ್ಟ ದಾಟಿದ ಮೇಲೆ ಚಿತ್ರದುರ್ಗದ ಕಡೆಗೆ ಬರಿಗೈಯಲ್ಲಿ ಹೋಗುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು: ನೀಗಾತಾ ಹಿಮದಲ್ಲಿ ಹೂತುಹೋಗಿರುವ ದಿನವೇ ಬೆಟ್ಟದಾಚೆಯ ಟೋಕಿಯೊದಲ್ಲಿ ಶುಭ್ರ ಬಿಸಿಲು. ಯಸುನಾರಿ ಕವಾಬಾತಾ ತಮ್ಮ ಯುಕಿಗುನಿ ಕಾದಂಬರಿಗೆ ಹಿನ್ನೆಲೆಯಾಗಿ ಆರಿಸಿಕೊಂಡ ಯುಜಾವಾ ಈ ಹಿಮದ ಕಡೆಯ ಊರು. ಇಂದು ಅಲ್ಲಿ ಶಿಂಕಾನ್ಸೆನ್ ರೈಲಿನಿಂದ ಇಳಿದು, ನಿಲ್ದಾಣದ ಕಟ್ಟಡದಿಂದಲೇ ಗೊಂಡೊಲಾ (ಹಗ್ಗದ ಮೇಲೆ ಸಾಗುವ ಡಬ್ಬಿ) ಹತ್ತಿ ಸ್ಕೀ ಇಳಿಜಾರಿಗೆ ಹೋಗಬಹುದು.

ಮೂರು ವಿಭಾಗಗಳ ಚೌಕಟ್ಟಿಗೆ ಹೊಕ್ಕೈಡೊ ಸರಿಯಾಗಿ ಕೂರುವುದಿಲ್ಲ. ಸಮುದ್ರ ಪಕ್ಕದಲ್ಲೇ ಇದ್ದು ಹಿಮದ ಪ್ರಮಾಣ ಕರಾವಳಿಯದು. ಗಾಳಿ ಸೈಬೀರಿಯಾದ್ದಾದ್ದರಿಂದ ಹಗುರತನ ಒಳನಾಡಿನದು. ನಿಸೆಕೊದಲ್ಲಿ ಇಳಿಜಾರಿನ ಬುಡ 300 ಮೀಟರಿನ ಆಸುಪಾಸು, ಅನ್ನುಪುರಿ ಶಿಖರ 1,308 ಮೀಟರ್. ಅಂದರೆ ಮುಳ್ಳಯ್ಯನಗಿರಿಗಿಂತಲೂ ತಗ್ಗು. ಬೀಳುವ ಹಿಮ ಮಾತ್ರ ವರ್ಷಕ್ಕೆ 15 ಮೀಟರಿನ ಹತ್ತಿರ. ಡಿಸೆಂಬರ್ ನಡುವಿನಿಂದ ಫೆಬ್ರುವರಿಯವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ದೊಡ್ಡ ಬಿರುಗಾಳಿಯೂ ಇಲ್ಲದೆ ದಿನವೂ ಇಷ್ಟಿಷ್ಟು ಹಿಮ ಇಳಿಯುತ್ತಲೇ ಇರುತ್ತದೆ. ನಿನ್ನೆ ಮಾಡಿದ ಹಲಗೆಯ ಗುರುತುಗಳು ಬೆಳಗಾಗುವುದರೊಳಗೆ ಮುಚ್ಚಿಹೋಗಿರುತ್ತವೆ. ಇಳಿಜಾರಿನ ತುಂಬ ಸಾಸಾ ಎಂಬ ಗಿಡ್ಡ ಬಿದಿರು ಹಬ್ಬಿದೆ. ಹಿಮದ ಭಾರಕ್ಕೆ ಅದು ನೆಲಕ್ಕೊರಗಿ ಮಲಗಿಬಿಡುವುದರಿಂದ, ವಿರಳವಾಗಿ ನಿಂತ ಬರ್ಚ್ ಮರಗಳ ನಡುವೆ ಅಡೆತಡೆಯಿಲ್ಲದ ಓಣಿಗಳು ಸಿಗುತ್ತವೆ. ಮರಗಳ ನಡುವಿನ ಸ್ಕೀಯಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಮತ್ತೊಂದಿಲ್ಲ.

ಜಪಾನಿಗೆ ಆಧುನಿಕ ಸ್ಕೀಯಿಂಗ್ ಕಲಿಸಿದವರು ಆಸ್ಟ್ರಿಯಾ–ಹಂಗೆರಿ ಸೇನೆಯ ಥಿಯೊಡೋರ್ ಫಾನ್ ಲೆರ್ಖ್. 1911ರ ಜನವರಿಯಲ್ಲಿ ತಕಾದಾ ಊರಿನಲ್ಲಿ ಅಲ್ಲಿನ ಸೈನಿಕರಿಗೆ ಪಾಠ ಶುರುಮಾಡಿದರು. ಸಪ್ಪೊರೊದಲ್ಲಿ 1972ರಲ್ಲಿ, ನಾಗಾನೊದಲ್ಲಿ 1998ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದವು. ನಿಸೆಕೊದ ಸ್ಥಳೀಯರು ರೂಪಿಸಿಕೊಂಡ ನಿಯಮ ಬೇರೆ ತಾಣಗಳಿಗೂ ಮಾದರಿಯಾಗಬಲ್ಲದು: ಲಿಫ್ಟ್ ಪ್ರದೇಶದಿಂದ ಹೊರಗೆ ಹೋಗುವವರು ಗೊತ್ತುಪಡಿಸಿದ ಗೇಟುಗಳಿಂದಲೇ ಹೋಗಬೇಕು, ಅಪಾಯವಿರುವ ದಿನ ಗೇಟು ಮುಚ್ಚಿರುತ್ತದೆ, ಹಗ್ಗದ ಕೆಳಗೆ ನುಸುಳುವಂತಿಲ್ಲ.

ಆಲ್ಪ್ಸ್

ಸ್ಕೀಯಿಂಗ್ ಇಂದಿನ ರೂಪಕ್ಕೆ ಬಂದದ್ದು ಆಲ್ಪ್ಸ್‌ನಲ್ಲಿ. ನಾರ್ವೆಯವರ ಹಲಗೆ ಕಡಿದಾದ ಇಳಿಜಾರಿಗೆ ಹೊಂದಲಿಲ್ಲ. ಆಸ್ಟ್ರಿಯಾದ ಮಥಿಯಾಸ್ ಜ್ಡಾರ್ಸ್ಕಿ ಹಲಗೆ ಮತ್ತು ಕಟ್ಟುಗಳನ್ನು ಇಲ್ಲಿಗೆ ತಕ್ಕಂತೆ ಮಾರ್ಪಡಿಸಿದರೆ, ಆರ್ಲ್‌ಬರ್ಗ್ ಸೀಮೆಯ ಹಾನೆಸ್ ಶ್ನೈಡರ್ ತಿರುವುಗಳನ್ನು ಪಾಠಕ್ರಮವಾಗಿ ಕಟ್ಟಿಕೊಟ್ಟರು. ಮೊದಲ ಚಳಿಗಾಲದ ಒಲಿಂಪಿಕ್ಸ್ 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆಯಿತು. ಹಳ್ಳಿಯಿಂದ ಹಳ್ಳಿಗೆ ಲಿಫ್ಟ್‌ಗಳಲ್ಲೇ ಹೋಗಬಹುದಾದ ಸಂಪರ್ಕಜಾಲ ಇಲ್ಲಿನ ವಿಶೇಷ. ಫ್ರಾನ್ಸಿನ ತ್ರ್ವಾ ವಾಲೆ ಒಂದರಲ್ಲೇ ಸುಮಾರು 600 ಕಿಲೋಮೀಟರ್ ಹದಗೊಳಿಸಿದ ಇಳಿಜಾರುಗಳಿವೆ.

ಹಿಮದ ದೃಷ್ಟಿಯಿಂದ ಆಲ್ಪ್ಸ್ ಒಂದೇ ಸೀಮೆ ಅಲ್ಲ. ವಾಯುವ್ಯದ ಗಾಳಿಗೆ ಎದೆಯೊಡ್ಡಿದ ಆರ್ಲ್‌ಬರ್ಗ್ ಮುಂತಾದ ಉತ್ತರದ ಅಂಚಿಗೆ ಹಿಮ ಧಾರಾಳ. ದಕ್ಷಿಣದ ಇಟಲಿ ಬದಿ ಮೆಡಿಟರೇನಿಯನ್ ಸಮುದ್ರದ ಕಡೆಯ ಬಿರುಗಾಳಿಗಾಗಿ ಕಾಯುತ್ತದೆ. ಎಷ್ಟೋ ಸಲ ಉತ್ತರಕ್ಕೆ ಹಿಮವಿದ್ದಾಗ ದಕ್ಷಿಣ ಬೋಳು, ದಕ್ಷಿಣ ಹೂತಾಗ ಉತ್ತರ ಬೋಳು. ಎರಡರ ನಡುವೆ ಸಿಕ್ಕ ಎಂಗಡೀನ್, ವಾಲೈನಂಥ ಕಣಿವೆಗಳು ಒಣ ಮತ್ತು ತಣ್ಣನೆಯವು. ಪರ್ವತ ದಾಟಿ ಕೆಳಗಿಳಿಯುವಾಗ ಬಿಸಿಯಾಗುವ ಫೋನ್ ಎಂಬ ಗಾಳಿ ಒಂದೇ ದಿನದಲ್ಲಿ ಹೊಸ ಹಿಮವನ್ನು ತೇವ ಮಾಡಿ, ರಾತ್ರಿ ಅದರ ಮೇಲೆ ಗಾಜಿನಂಥ ಪೊರೆ ಕಟ್ಟಿಸುತ್ತದೆ.

ಹಿಮಕುಸಿತದ ವಿಜ್ಞಾನ ಬೆಳೆದದ್ದೂ ಇಲ್ಲಿಯೇ. ದಾವೋಸ್‌ನ ಮೇಲಿರುವ ವೈಸ್‌ಫ್ಲೂಯೋಖ್‌ನಲ್ಲಿ, 2,500 ಮೀಟರಿಗೂ ಎತ್ತರದಲ್ಲಿ, 1936ರಿಂದ ಹಿಮವನ್ನು ಅಳೆಯುತ್ತ ಬಂದಿದ್ದಾರೆ. ಹಿಮದ ಒಳಗನ್ನು ಓದುವ ವಿಧಾನ ಸರಳ. ಸಲಿಕೆಯಿಂದ ನೆಲದವರೆಗೆ ಗುಂಡಿ ತೋಡಿ, ಒಂದು ಗೋಡೆಯನ್ನು ನೆಟ್ಟಗೆ ಕತ್ತರಿಸುತ್ತಾರೆ. ಋತುವಿನ ಒಂದೊಂದು ಹಿಮಪಾತವೂ ಒಂದೊಂದು ಪದರವಾಗಿ ಅಲ್ಲಿ ಕಾಣುತ್ತದೆ. ಮೇಲಿನಿಂದ ಶುರುಮಾಡಿ ಮುಷ್ಟಿಯನ್ನು ಮೆಲ್ಲಗೆ ಒತ್ತುತ್ತಾರೆ. ಮುಷ್ಟಿ ಒಳಹೋದರೆ ಪದರ ತೀರ ಮೃದು. ಹೋಗದಿದ್ದರೆ ನಾಲ್ಕು ಬೆರಳು, ಆಮೇಲೆ ಒಂದು ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕು. ಚಾಕು ಬೇಕಾದಷ್ಟು ಗಟ್ಟಿಯಾದ ಪದರದ ಕೆಳಗೆ ಮತ್ತೆ ಮುಷ್ಟಿ ಸಲೀಸಾಗಿ ಹೋಗುವ ಪದರ ಸಿಕ್ಕಿತೆಂದರೆ ಅಲ್ಲಿ ಎಚ್ಚರ. ನಂತರ ಹಿಮದ ಒಂದು ಕಂಬವನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ ತಟ್ಟುತ್ತಾರೆ. ಮೊದಲ ಹತ್ತರಲ್ಲೇ ಕಂಬ ಅಡ್ಡಕ್ಕೆ ಸೀಳಿ ಜಾರಿದರೆ ಆ ಇಳಿಜಾರಿಗೆ ಕಾಲಿಡಬಾರದು.

ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿ ಬಾಗಿನ ಇಳಿಜಾರುಗಳಲ್ಲಿ. ನುರಿತ ಸ್ಕೀಗಾರರು ಇಷ್ಟಪಡುವ ಬಾಗೂ ಅದೇ. ಯುರೋಪಿನಲ್ಲಿ 1993ರಿಂದ ಅಪಾಯವನ್ನು ಐದು ಮಟ್ಟಗಳಲ್ಲಿ ಪ್ರಕಟಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಹೆಚ್ಚು ಜನ ಸಾಯುವುದು 4 ಅಥವಾ 5ನೆಯ ಮಟ್ಟದ ದಿನ ಅಲ್ಲ, 3ನೆಯ ಮಟ್ಟದ ದಿನ: ಆಕಾಶ ತಿಳಿಯಾಗಿರುತ್ತದೆ, ಹಿಮ ಹೊಸದಾಗಿರುತ್ತದೆ, ಆಸೆ ತಡೆಯುವುದಿಲ್ಲ. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಬಹಳ, ಆಮೇಲೆ ಅದು ಕಡಿದಾಗಿ ಕುಸಿಯುತ್ತದೆ. ಹಳ್ಳಿಗಳೂ ಇದರಿಂದ ಹೊರತಲ್ಲ. 1999ರ ಫೆಬ್ರುವರಿ 23ರಂದು ಆಸ್ಟ್ರಿಯಾದ ಗಾಲ್ಟ್ಯೂರ್ ಹಳ್ಳಿಯ ಮೇಲೆ ಬಿದ್ದ ಹಿಮಕುಸಿತದಲ್ಲಿ 31 ಜನ ಸತ್ತರು.

ಸ್ಕ್ಯಾಂಡಿನೇವಿಯಾ

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಸ್ಕೀಯಿಂಗ್ ಮೊದಲು ನಡಿಗೆ, ಆಮೇಲೆ ಇಳಿತ. ಇಲ್ಲಿನ ಬೆಟ್ಟಗಳು ಎತ್ತರವಲ್ಲ. ನಾರ್ವೆಯ ಅತಿ ಎತ್ತರದ ಶಿಖರವೂ 2,500 ಮೀಟರ್ ಮುಟ್ಟುವುದಿಲ್ಲ. ಉತ್ತರ ಅಕ್ಷಾಂಶದ ಚಳಿ ಎತ್ತರದ ಕೊರತೆಯನ್ನು ತುಂಬುತ್ತದೆ. ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್‌ನಲ್ಲಿ ಸಿಕ್ಕ ಮರದ ಸ್ಕೀ ಐದು ಸಾವಿರ ವರ್ಷಗಳಿಗಿಂತ ಹಳೆಯದು. ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೋರ್ಗೆದಾಲ್ ಹಳ್ಳಿಯ ಬಡರೈತ ಸೊಂದ್ರೆ ನೋರ್‌ಹೈಮ್ ಹಿಮ್ಮಡಿಯನ್ನು ಹಲಗೆಗೆ ಬಿಗಿಯುವ ಕಟ್ಟನ್ನು ಸುಧಾರಿಸಿ, ಆಧುನಿಕ ಸ್ಕೀಯಿಂಗ್‌ನ ಜನಕನೆನಿಸಿದ. ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಗ್ರೀನ್‌ಲೆಂಡನ್ನು ಸ್ಕೀಯ ಮೇಲೆ ದಾಟಿದ. ಸ್ವೀಡನ್ನಿನಲ್ಲಿ 1922ರಲ್ಲಿ ಆರಂಭವಾದ 90 ಕಿಲೋಮೀಟರಿನ ವಾಸಾಲೊಪೆಟ್ ಓಟದಲ್ಲಿ ಇಂದಿಗೂ ಸಾವಿರಾರು ಜನ ಓಡುತ್ತಾರೆ. ಇಲ್ಲಿ ಹಿಮದ ಸೂಕ್ಷ್ಮ ತಿಳಿಯುವುದು ಮೇಣದಲ್ಲಿ: ಹಲಗೆಯ ಅಡಿಗೆ ಬಳಿಯುವ ಮೇಣ ಕಾಲು ಒತ್ತಿದಾಗ ಹಿಡಿಯಬೇಕು, ಬಿಟ್ಟಾಗ ಜಾರಬೇಕು. ಸೊನ್ನೆಗೆ ಒಂದು, ಮೈನಸ್ ಐದಕ್ಕೆ ಇನ್ನೊಂದು, ಮೈನಸ್ ಹದಿನೈದಕ್ಕೆ ಮತ್ತೊಂದು. ಉತ್ತರ ಧ್ರುವವೃತ್ತದ ಒಳಗಿರುವ ರಿಕ್ಸ್‌ಗ್ರೆನ್ಸೆನ್ ತಾಣ ತೆರೆಯುವುದೇ ಫೆಬ್ರುವರಿಯಲ್ಲಿ. ಅದಕ್ಕೆ ಮೊದಲು ಅಲ್ಲಿ ಬೆಳಕು ಸಾಲದು; ಮೇ ಕೊನೆಗೆ ಮಧ್ಯರಾತ್ರಿಯ ಬಿಸಿಲಿನಲ್ಲೂ ಸ್ಕೀ ಮಾಡಬಹುದು.

ದಕ್ಷಿಣಾರ್ಧಗೋಳ

ಉತ್ತರದ ಬೇಸಿಗೆಯೇ ಇಲ್ಲಿ ಸ್ಕೀ ಋತು, ಜೂನ್‌ನಿಂದ ಅಕ್ಟೋಬರ್. ಚಿಲಿಯ ಪೋರ್ಟಿಲ್ಲೊದಲ್ಲಿ 1966ರ ಆಗಸ್ಟ್‌ನಲ್ಲಿ ಆಲ್ಪೈನ್ ವಿಶ್ವಚಾಂಪಿಯನ್‌ಷಿಪ್ ನಡೆಯಿತು. ಆಂಡೀಸ್‌ನ ಈ ಭಾಗದಲ್ಲಿ ಮರಗಳಿಲ್ಲ. ಒಂದು ದೊಡ್ಡ ಬಿರುಗಾಳಿ ಬಂದು ಮೀಟರುಗಟ್ಟಲೆ ಹಿಮ ಸುರಿಸಿದರೆ, ಮುಂದಿನದು ಬರುವವರೆಗೆ ವಾರಗಟ್ಟಲೆ ಬಿಸಿಲು. ಎಲ್ ನಿನೊ ವರ್ಷಗಳಲ್ಲಿ ಹಿಮ ಹೆಚ್ಚುವುದು ವಾಡಿಕೆ, ಆದರೆ 2010ರಿಂದೀಚೆಗೆ ಮಧ್ಯ ಚಿಲಿ ದೀರ್ಘ ಬರಕ್ಕೆ ಸಿಕ್ಕಿದೆ. ಅತಿ ಒಣಗಾಳಿಯಲ್ಲಿ ಹಿಮ ಕರಗದೆ ನೇರ ಆವಿಯಾಗಿ ಹೋಗುವುದರಿಂದ ಆಳೆತ್ತರದ ಚೂಪು ಕೋಡುಗಳಾಗಿ ನಿಲ್ಲುವುದು ಇಲ್ಲಿನ ವಿಚಿತ್ರ. ಚಾರ್ಲ್ಸ್ ಡಾರ್ವಿನ್ 1835ರಲ್ಲಿ ಆಂಡೀಸ್ ದಾಟುವಾಗ ಇವನ್ನು ಕಂಡು ದಾಖಲಿಸಿದ. ಬೊಲಿವಿಯಾದ ಚಕಲ್ತಾಯಾ ಹಿಮನದಿ 5,300 ಮೀಟರಿನಲ್ಲಿದ್ದು, ಜಗತ್ತಿನ ಅತಿ ಎತ್ತರದ ಸ್ಕೀ ತಾಣವೆನಿಸಿತ್ತು. 2009ರ ಹೊತ್ತಿಗೆ ಆ ಹಿಮನದಿಯೇ ಇಲ್ಲವಾಯಿತು. ನ್ಯೂಜಿಲೆಂಡಿನ ತಾಣಗಳಲ್ಲಿ ಹಿಮ ಕ್ಷಣಕ್ಕೊಂದು ಬಗೆ, ಗಾಳಿ ವಿಪರೀತ. ಆಸ್ಟ್ರೇಲಿಯಾದ ಹಿಮ ಸಾಧಾರಣವಾದರೂ ಇತಿಹಾಸ ಹಳೆಯದು: ಚಿನ್ನದ ಗಣಿಗೆ ಬಂದ ನಾರ್ವೆಯವರು ಕಿಯಾಂಡ್ರಾದಲ್ಲಿ 1861ರಲ್ಲೇ ಸ್ಕೀ ಮಾಡುತ್ತಿದ್ದರು.

ಹಿಮಾಲಯ

ಜಗತ್ತಿನ ಅತಿ ಎತ್ತರದ ಪರ್ವತಗಳಿದ್ದೂ ಭಾರತದಲ್ಲಿ ಸ್ಕೀಯಿಂಗ್ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಬಡತನ, ರಸ್ತೆ, ಗಡಿಯ ಕಲಹ ಎಂಬ ಉತ್ತರಗಳಿವೆ. ನಿಸರ್ಗದ ಉತ್ತರವೂ ಇದೆ. ಪೂರ್ವ ಹಿಮಾಲಯಕ್ಕೆ ನೀರು ಬರುವುದು ಬೇಸಿಗೆಯ ಮಾನ್ಸೂನ್‌ನಲ್ಲಿ. ಆಗ ಹಿಮ ಬೀಳುವುದು ಸ್ಕೀ ತಾಣ ಕಟ್ಟಲಾಗದ ಐದಾರು ಸಾವಿರ ಮೀಟರ್ ಎತ್ತರದಲ್ಲಿ. ಚಳಿಗಾಲವೋ ಅಲ್ಲಿ ಒಣ. ಚಳಿಗಾಲದ ಹಿಮ ಧಾರಾಳವಾಗಿ ಸಿಗುವುದು ಪಶ್ಚಿಮದಲ್ಲಿ ಮಾತ್ರ. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಬಿರುಗಾಳಿಗಳು ಮೊದಲು ಪೀರ್ ಪಂಜಾಲ್ ಶ್ರೇಣಿಗೆ ತಾಗುತ್ತವೆ. ಗುಲ್ಮರ್ಗ್ ಇರುವುದು ಈ ಶ್ರೇಣಿಯಲ್ಲಿ. ಭಾರತೀಯ ಹಿಮವಿಜ್ಞಾನಿಗಳು ಪಶ್ಚಿಮ ಹಿಮಾಲಯವನ್ನು ಮೂರು ವಲಯ ಮಾಡಿದ್ದಾರೆ: ಬೆಚ್ಚಗಿನ, ಹಿಮ ಹೆಚ್ಚಿರುವ ಪೀರ್ ಪಂಜಾಲ್; ನಡುವಿನ ಮಹಾಹಿಮಾಲಯ; ಅತಿ ಶೀತಲ, ಒಣ ಕಾರಕೋರಂ.

ಗುಲ್ಮರ್ಗ್ 2,650 ಮೀಟರ್ ಎತ್ತರದ ಹುಲ್ಲುಗಾವಲು. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಸೇನೆಯ ಪರ್ವತಯುದ್ಧ ಶಾಲೆ ಇಲ್ಲಿ ಬೆಳೆಯಿತು. ಗೊಂಡೊಲಾದ ಮೊದಲ ಹಂತ 1998ರಲ್ಲಿ ಕೊಂಗ್‌ಡೂರಿಗೆ, ಎರಡನೆಯದು 2005ರಲ್ಲಿ ಅಫರ್ವಟ್ ಬೆಟ್ಟದ ಹೆಗಲಿಗೆ, 3,700 ಮೀಟರಿಗೂ ಮೇಲೆ ತಲುಪಿತು. ಆ ಎರಡನೇ ಹಂತವೇ ಗುಲ್ಮರ್ಗನ್ನು ಜಗತ್ತಿನ ಭೂಪಟದಲ್ಲಿ ಗುರುತಿಸಿತು. ಚಳಿಯ ಉಚ್ಛ್ರಾಯವಾದ ಚಿಲ್ಲೈ ಕಲಾನ್‌ನ ನಲವತ್ತು ದಿನಗಳಲ್ಲೂ ಆಮೇಲಿನ ಫೆಬ್ರುವರಿಯಲ್ಲೂ ಬೀಳುವ ಹಿಮ ಆಳವಾಗಿರುತ್ತದೆ, ಎತ್ತರದಿಂದಾಗಿ ಒಣಗಿಯೂ ಇರುತ್ತದೆ. ಆದರೆ ಗುಲ್ಮರ್ಗ್ 34 ಡಿಗ್ರಿ ಅಕ್ಷಾಂಶದಲ್ಲಿದೆ, ಆಲ್ಪ್ಸ್ 46ರ ಆಸುಪಾಸಿನಲ್ಲಿ. ಬಿಸಿಲು ಇಲ್ಲಿ ಕಡಿದಾಗಿ ಬೀಳುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಒಂದೆರಡು ದಿನದಲ್ಲಿ ಪೊರೆಗಟ್ಟಿದರೆ ಉತ್ತರದ್ದು ಇನ್ನೂ ಪುಡಿಯಾಗಿರುತ್ತದೆ. ಬಿರುಗಾಳಿಗಳ ನಡುವಿನ ಬಿಡುವೂ ದೀರ್ಘ, ಆ ಬಿಡುವಿನಲ್ಲಿ ಅಡಿಯ ಹಿಮ ದುರ್ಬಲವಾಗುತ್ತದೆ. 2010ರ ಫೆಬ್ರುವರಿ 8ರಂದು ಗುಲ್ಮರ್ಗ್ ಬಳಿಯ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮಕುಸಿತ ಬಿದ್ದು ಹದಿನೇಳು ಮಂದಿ ಸತ್ತರು. ಕಾರಕೋರಂ ವಲಯದ ಕ್ರೌರ್ಯವನ್ನು ಕನ್ನಡನಾಡು ಹತ್ತಿರದಿಂದ ಬಲ್ಲದು: 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಹೂತು ಆರು ದಿನಗಳ ನಂತರ ಜೀವಂತ ಸಿಕ್ಕ, ಫೆಬ್ರುವರಿ 11ರಂದು ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು.

ಉತ್ತರಾಖಂಡದ ಔಲಿ 2,500ರಿಂದ 3,050 ಮೀಟರ್ ನಡುವಿನ ತಾಣ, ಎದುರಿಗೇ ನಂದಾದೇವಿ. ಪಶ್ಚಿಮದ ಬಿರುಗಾಳಿಗಳು ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತವೆ, ಹಾಗಾಗಿ ಹಿಮ ಕಡಿಮೆ, ಕೃತಕ ಹಿಮದ ಯಂತ್ರಗಳ ನೆರವೂ ಬೇಕಾಗುತ್ತದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ಇಲ್ಲಿ ನಡೆದವು. ತಗ್ಗಿನಲ್ಲಿರುವ ಜೋಶಿಮಠ ಪಟ್ಟಣದ ನೆಲ ಕುಸಿತದಿಂದಾಗಿ 2023ರ ಜನವರಿಯಲ್ಲಿ ಔಲಿಯ ರೋಪ್‌ವೇ ನಿಂತಿತು. ಹಿಮಾಚಲದ ಸೋಲಾಂಗ್ ಕಲಿಯುವವರಿಗೆ ಒಳ್ಳೆಯ ಜಾಗ. ಅದರ ಪಕ್ಕದ ಬುರುವಾ ಹಳ್ಳಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದು, ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ತಂದರು. ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ. ಹಿಮವೇ ಬೀಳದ ಕೊಡಗಿನಿಂದ ಬಂದ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಚಿನ್ನವನ್ನು ಕರ್ನಾಟಕಕ್ಕೆ ತಂದಿದ್ದಾರೆ.

ಬದಲಾಗುತ್ತಿರುವ ಹಿಮ

ಆಲ್ಪ್ಸ್‌ನ ಎರಡು ಸಾವಿರಕ್ಕೂ ಹೆಚ್ಚು ಮಾಪನ ಕೇಂದ್ರಗಳ 1971ರಿಂದ 2019ರವರೆಗಿನ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ, 2,000 ಮೀಟರಿಗಿಂತ ತಗ್ಗಿನಲ್ಲಿ ಹಿಮ ನೆಲದ ಮೇಲಿರುವ ಅವಧಿ ಸುಮಾರು ಒಂದು ತಿಂಗಳಷ್ಟು ಮೊಟಕಾಗಿದೆ. ಇದಕ್ಕೆ ಉತ್ತರವಾಗಿ ಬಂದಿರುವುದು ಕೃತಕ ಹಿಮ. ಒತ್ತಡದಲ್ಲಿ ಸಿಂಪಡಿಸಿದ ನೀರಿನ ಹನಿ ನೆಲ ಮುಟ್ಟುವ ಮುನ್ನ ಹೆಪ್ಪುಗಟ್ಟುತ್ತದೆ. ಅದು ಕವಲಿನ ಹರಳಾಗುವುದಿಲ್ಲ, ದುಂಡನೆಯ ಮಂಜುಗಡ್ಡೆಯ ಕಣವಾಗುತ್ತದೆ. ಸ್ಪರ್ಧೆಯ ಓಟಕ್ಕೆ ಈ ಗಟ್ಟಿ ನೆಲ ಅನುಕೂಲವೇ. ಬೀಜಿಂಗ್ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಇದರ ಮೇಲೆಯೇ ನಡೆಯಿತು. ಆದರೆ ನೀರು, ವಿದ್ಯುತ್ತು, ಸೊನ್ನೆಗಿಂತ ಕೆಳಗಿನ ಚಳಿ ಮೂರೂ ಬೇಕು. ಮೂರನೆಯದನ್ನು ಹಣಕೊಟ್ಟು ತರಲಾಗದು. ಗುಲ್ಮರ್ಗ್ 2024ರ ಜನವರಿಯಲ್ಲಿ ಬೋಳಾಗಿ ಕೂತಿತ್ತು. 2025ರಲ್ಲಿ ಹಿಮವಿಲ್ಲವೆಂದು ಖೇಲೋ ಇಂಡಿಯಾ ಕೂಟದ ಅಲ್ಲಿನ ಸ್ಪರ್ಧೆಗಳನ್ನು ಫೆಬ್ರುವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು.

ಸ್ಕೀ ಕಲಿಯಲು ಹೊರಡುವ ಕನ್ನಡಿಗರಿಗೆ ಗುಲ್ಮರ್ಗ್‌ನ ತಗ್ಗಿನ ಇಳಿಜಾರುಗಳೂ ಸೋಲಾಂಗ್ ಕೂಡ ಸಾಕು. ಅದಕ್ಕಾಗಿ ನಿಸೆಕೊಗೆ ಹೋಗುವ ಅಗತ್ಯವಿಲ್ಲ. ಹೋಗುವ ಮುನ್ನ ತಾಣದ ಒಟ್ಟು ಹಿಮಪಾತವನ್ನಲ್ಲ, ಕಳೆದ ಹತ್ತು ದಿನಗಳ ಹವಾಮಾನವನ್ನು ವಿಚಾರಿಸಿ. ಕಲಿತಮೇಲೂ, ಹೂತರೆ ಜಾಗ ಸೂಚಿಸಲು ಎದೆಗೆ ಕಟ್ಟಿದ ಬೀಕನ್, ಬೆನ್ನಚೀಲದಲ್ಲಿ ಸಲಿಕೆ ಮತ್ತು ಶೋಧಕೋಲು, ಜೊತೆಗೆ ಆ ಬೆಟ್ಟವನ್ನು ಬಲ್ಲ ಸ್ಥಳೀಯ ಗೈಡ್ ಇಲ್ಲದೆ ಅಫರ್ವಟ್‌ನ ಗಸ್ತಿನ ಗಡಿಯನ್ನು ದಾಟಬೇಡಿ.